ಗಾಯಕರು ವೇದಿಕೆಯಲ್ಲಿ, ದನಿ ಗೋಡೆಯಲ್ಲಿ

ಗೆಳೆಯರೇ, ಬೈಲಹೊಂಗಲದ ಹಳೆಯ ಹತ್ತಿ ಗೋದಾಮು ಇಂದು ಸಂಗೀತ ಸಭಾಗೃಹವಾಯಿತು. ಮೊದಲ ಗಾಯನಕ್ಕೆ ಧಾರವಾಡದ ಗಾಯಕರೊಬ್ಬರನ್ನು ಗೊತ್ತುಮಾಡಿದವನು ನಾನೇ. ಆಲಾಪ ಶುರುವಾದೊಡನೆ ಕೊನೆಯ ಸಾಲಿನಲ್ಲಿ ನಮ್ಮ ಓಣಿಯ ಬಸಪ್ಪಕಾಕಾ ಎದ್ದು ನಿಂತರು.

“ಹಾಡವ್ರು ಅಲ್ಲಿ ಕುಂತಾರ, ದನಿ ಈ ಗ್ವಾಡಿ ಮ್ಯಾಗಿನ ಡಬ್ಬಿಯಿಂದ ಬರಾಕ್ಹತ್ತೈತಿ. ಒಳಗ ಗ್ರಾಮೋಫೋನ್ ಪ್ಲೇಟ್ ಹಚ್ಚೀರಿ! ನಮ್ಮನ್ನೇನು ಮಳ್ಳ ಅಂತ ತಿಳದೀರೇನ್ರಿ?”

ಗಾಯಕರ ಮುಖ ಕೆಂಪಾಯಿತು. “ಆ ಧ್ವನಿವರ್ಧಕ ಬಂದ್ ಮಾಡ್ರಿ,” ಎಂದವರೇ ಬರಿಗಂಟಲಿನಲ್ಲಿ ಹಾಡತೊಡಗಿದರು. ಮುಂದಿನ ಸಾಲಿನವರು ತಲೆದೂಗಿದರು; ಕೊನೆಯ ಸಾಲಿಗೆ ದನಿ ಮುಟ್ಟಲಿಲ್ಲ. ಕಾಕಾ ಕಿವಿಗೆ ಕೈಯಾನಿಸಿ ಆಲಿಸಿದರು, ಮತ್ತೆ ಎದ್ದರು.

“ನೋಡ್ರಿ, ಪ್ಲೇಟ್ ಬಂದ್ ಆತು. ಈಗ ಬರೇ ಬಾಯಿ ಆಡ್ಸಾಕ್ಹತ್ತಾರ!”

ಗಾಯಕರು ಹಾಡು ನಿಲ್ಲಿಸಿ ನನ್ನನ್ನೇ ದುರುಗುಟ್ಟಿ ನೋಡಿದರು. ಈಗ ಅವರಿಗೊಂದು ಸಂಶಯ: ಕಾಕಾನನ್ನೂ ನಾನೇ ಗೊತ್ತುಮಾಡಿ ಕರೆಸಿದ್ದೇನಂತೆ!