ಬೀಗದೊಳಗಿನ ರಬ್ಬರ್ ಕೂಸು

ಗೆಳೆಯರೇ, ಅಕ್ಕಲಕೋಟೆಯ ದಾದಿಯರ ತರಬೇತಿ ಕೇಂದ್ರದಲ್ಲಿ ಇಂದು ನಡೆದದ್ದನ್ನು ಕೇಳಿ. ಹುಟ್ಟಿದೊಡನೆ ಅಳದ ಕೂಸಿಗೆ ಉಸಿರು ಊದುವುದನ್ನು ಕಲಿಸಲು ಪರದೇಶದ ರಬ್ಬರ್ ಗೊಂಬೆಯೊಂದು ಬಂದು ಆರು ತಿಂಗಳಾಯಿತು. ಬಂದ ದಿನವೇ ತೆಂಗಿನಕಾಯಿ ಒಡೆದು, ಕುಂಕುಮ ಹಚ್ಚಿ, ಪ್ಲಾಸ್ಟಿಕ್ ಚೀಲದ ಸಮೇತ ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಹುಡುಗಿಯರು ಗಾಜಿನಾಚೆಯಿಂದ ನೋಡಿ ಕಲಿತರು.

ಇಂದು ಸೊಲ್ಲಾಪುರದಿಂದ ಸಾಹೇಬರು ತಪಾಸಣೆಗೆ ಬಂದರು. ಬೀಗ ತೆಗೆಸಿ, ಗೊಂಬೆಯ ಚೀಲ ಬಿಚ್ಚಿಸಿ, ಅಲ್ಲಿ ಕಲಿಯುತ್ತಿರುವ ನನ್ನ ಅಕ್ಕ ಕಸ್ತೂರಿಯನ್ನು ಕರೆದರು. ಅವಳನ್ನು ಊರಿಗೆ ಕರೆದೊಯ್ಯಲು ಹೋಗಿದ್ದ ನಾನು ಬಾಗಿಲಲ್ಲೇ ನಿಂತಿದ್ದೆ. ಅಕ್ಕ ಊದಿದಳು. ಗೊಂಬೆಯ ಎದೆ ಏಳಲಿಲ್ಲ.

"ಹಂಗಲ್ಲವಾ, ಗದ್ದ ಜರಾ ಮ್ಯಾಲ ಎತ್ತು," ಎಂದು ಸಾಹೇಬರು ಎರಡು ಬೆರಳಿನಿಂದ ತೋರಿಸಿದರು. ಮತ್ತೆ ಊದಿದಳು. ಎದೆ ಉಬ್ಬಿತು.

"ಶಾಬಾಸ!"

ಅಕ್ಕ ತಲೆ ಎತ್ತಲಿಲ್ಲ. "ಇಷ್ಟ ಏನ್ರಿ ಸಾಹೇಬ್ರ? ಹೋದ ವಾರ ಬೋರಾಮಣಿ ಊರಾಗ ಡ್ಯೂಟಿಗೆ ಹೋದಾಗ ಒಂದು ಕೂಸಿಗೆ ಊದೇ ಊದೀನ್ರಿ. ನನ್ನ ಕೈಯಾಗ ಜೀವ ಹೋತ್ರಿ. ಗದ್ದ ಎತ್ತಬೇಕಂತ ಯಾರೂ ತೋರಿಸಿದ್ದಿಲ್ರಿ."

ಸಾಹೇಬರು ಕೈಗಡಿಯಾರ ನೋಡಿಕೊಂಡರು. ಕಲಿಸುವ ಸಿಸ್ಟರ್ ಗೊಂಬೆಯ ತುಟಿಯನ್ನು ಸ್ಪಿರಿಟ್‌ನಿಂದ ಒರೆಸತೊಡಗಿದರು.

"ಉಳದವ್ರು ಊದೂದು ಬ್ಯಾಡೇನ್ರಿ?" ಎಂದೆ ನಾನು.

"ಎಲ್ಲಾರ ಉಗುಳು ಹತ್ತಿದ್ರ ಹಾಳಾಗತೈತೋ ತಮ್ಮಾ. ಸಾಹೇಬ್ರು ನೋಡಿದ್ರಲ್ಲ, ಆತು," ಎಂದು ಸಿಸ್ಟರ್ ಬೀಗ ಹಾಕಿದರು.

ನಮ್ಮ ಸೀಮೆಗೆ ವಿಜ್ಞಾನ ಬಂದಿಲ್ಲವೆಂದು ಇನ್ನು ಯಾರೂ ದೂರಬೇಡಿ. ಬಂದಿದೆ, ಕ್ಷೇಮವಾಗಿದೆ.