ಕಾಕು ಬಿಟ್ಟುಹೋದ ಕಂಬಳಿ

ಮಳೆಗಾಲ ಮುಗಿಯಿತಲ್ಲ ಎಂದು ಮೊನ್ನೆ ಅಟ್ಟದ ಮೇಲಿನ ಟ್ರಂಕು ಇಳಿಸಿ, ಹಳೆಯ ಅರಿವೆಗಳನ್ನು ಬಿಸಿಲಿಗೆ ಹರವುತ್ತಿದ್ದೆ. ತಳದಲ್ಲಿ ಕರಿ ಕಂಬಳಿ ಸಿಕ್ಕಿತು. ಬಿಚ್ಚಿದ ಕೂಡಲೇ ಬಜೆ ಬೇರಿನ ಘಾಟು ವಾಸನೆ ಮೂಗಿಗೆ ಬಡಿಯಿತು. ಹುಳ ಹತ್ತದಿರಲಿ ಎಂದು ವರ್ಷಕ್ಕೊಮ್ಮೆ ಅದರ ಮಡಿಕೆಯಲ್ಲಿ ಹೊಸ ಬೇರು ಇಡುತ್ತ ಬಂದಿದ್ದೇನೆ. ಕಂಬಳಿ ಮಾತ್ರ ನನ್ನದಲ್ಲ. ಅದು ಶಹಾಪುರದಲ್ಲಿ ನನ್ನ ತವರುಮನೆಯ ಬಾಜುವಿಗಿದ್ದ, ನಾವು ಚಿಕ್ಕಮ್ಮನೆಂಬಂತೆ ಕಾಕು ಎಂದು ಕರೆಯುತ್ತಿದ್ದ ನೆರೆಯಾಕೆಯದು...

ನನಗೀಗ ಐವತ್ತೊಂದು. ನೆಟ್ಟಗೆ ನಿದ್ದೆ ಮಾಡಿ ಏಳು ತಿಂಗಳಾಯಿತು. ಚಳಿಯಲ್ಲೂ ಎದೆಯಿಂದ ಬೆಂಕಿ ಎದ್ದು ಕಿವಿಯವರೆಗೆ ಹೋಗುತ್ತದೆ, ಕುಪ್ಪಸ ತೊಯ್ದು ತೊಪ್ಪೆಯಾಗುತ್ತದೆ, ಮರುಗಳಿಗೆಯೇ ಗಡಗಡ ನಡುಕ. ಡಾಕ್ಟರು ‘ಈ ವಯಸ್ಸಿನಲ್ಲಿ ಇದೆಲ್ಲ ಸಹಜ’ ಎಂದು ಕಳಿಸಿದರು. ಸಹಜ ಎಂದು ಗೊತ್ತಾದ ಮಾತ್ರಕ್ಕೆ ನಿದ್ದೆ ಬರುತ್ತದೆಯೇ? ನನ್ನ ಯಜಮಾನರು ‘ಹಾಲಿನ್ಯಾಗ ಜಾಜಿಕಾಯಿ ತೇದು ಕುಡಿ’ ಎಂದು ಉಪದೇಶ ಮಾಡಿ, ಮಗ್ಗುಲಾಗುವುದೇ ತಡ ಗೊರಕೆ ಶುರು ಮಾಡುತ್ತಾರೆ. ಆ ಗೊರಕೆ ಕೇಳಿದರೆ ಮೈಯೆಲ್ಲ ಉರಿಯುತ್ತದೆ. ನಿದ್ದೆ ಬರುವವರನ್ನು ಕಂಡರೇ ನನಗೀಗ ಆಗುವುದಿಲ್ಲ.

ಕಾಕುವಿನದು ಜೈನರ ಮನೆ. ಗಂಡನಿಗೆ ರವಿವಾರ ಪೇಟೆಯಲ್ಲಿ ಅಂಗಡಿ. ಮನೆಯಲ್ಲಿ ಹತ್ತು ಜನ, ಎಲ್ಲರ ಮೇಲೆ ಅತ್ತೆ. ಕತ್ತಲಿರುವಾಗಲೇ ಎದ್ದು ನೀರು ಸೋಸಿ ತುಂಬುವಲ್ಲಿಂದ ಕಾಕುವಿನ ದಿನ ಶುರು. ಹೊತ್ತು ಮುಳುಗುವ ಮೊದಲೇ ಎಲ್ಲರ ಊಟ ಆಗಬೇಕಾದ್ದರಿಂದ ಮಧ್ಯಾಹ್ನದ ಪಾತ್ರೆ ತೊಳೆಯುತ್ತಿದ್ದಂತೆ ರಾತ್ರಿಯ ರೊಟ್ಟಿಗೆ ಹಿಟ್ಟು ನಾದುತ್ತಿದ್ದರು. ತಿಂಗಳಲ್ಲಿ ಮೂರು ದಿನ ಮಾತ್ರ ಬಿಡುವು. ಹೊರಗಾದಾಗ ಹಿತ್ತಲ ಕೋಣೆಯಲ್ಲಿ ಈ ಕಂಬಳಿ ಹಾಸಿಕೊಂಡು ಕೂಡಬೇಕು. ಯಾರೂ ಮುಟ್ಟುವಂತಿಲ್ಲ, ಕೆಲಸ ಹೇಳುವಂತಿಲ್ಲ. ನಾವು ಲಿಂಗಾಯತರು, ನಮ್ಮಲ್ಲಿ ಆ ಸೂತಕವಿಲ್ಲ. ಹಾಗಾಗಿ ನಮ್ಮವ್ವನಿಗೆ ತಿಂಗಳ ಮೂವತ್ತೂ ದಿನ ಒಲೆಯ ಮುಂದೆಯೇ. ‘ಕಾಕುಂದು ಪುಣ್ಯಾ’ ಎಂದು ಆಕೆ ಹೊಟ್ಟೆಕಿಚ್ಚು ಪಡುತ್ತಿದ್ದಳು.

ಎಪ್ಪತ್ತರ ದಶಕದ ನಡುವಿನ ಮಾತು. ನಾನಾಗ ಕಾಲೇಜು ಸೇರಿದ ಹೊಸತು. ಕಾಕುವಿಗೆ ಐವತ್ತರ ಹತ್ತಿರ. ಮೊದಲು ನಗುನಗುತ್ತ ಇದ್ದವರು ಆ ವರ್ಷ ಮಾತುಮಾತಿಗೆ ಸಿಡುಕಲು ಹತ್ತಿದರು. ಡಿಸೆಂಬರಿನಲ್ಲಿ ಮೊರದಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಸಾರಿಗೆ ಎರಡೆರಡು ಸಲ ಉಪ್ಪು ಬಿದ್ದು ಅತ್ತೆಯ ಕೈಯಲ್ಲಿ ಬೈಸಿಕೊಳ್ಳುತ್ತಿದ್ದರು. ಒಂದು ದಿನ ಹಿತ್ತಲ ಗೋಡೆಯ ಆಚೆ ನಿಂತು ನಮ್ಮವ್ವನಿಗೆ ಸಣ್ಣ ದನಿಯಲ್ಲಿ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು.

“ನಿಂತು ಆರ ತಿಂಗಳಾತ್ರಿ ಅಕ್ಕಾ. ಮನ್ಯಾಗ ಯಾರಿಗೂ ಹೇಳಿಲ್ಲ. ಸುಳ್ಳಽ ಹೊರಗ ಕುಂದರತೀನಿ. ಆ ಕ್ವಾಣ್ಯಾಗ ಒಬ್ಬಾಕಿನಽ ಇದ್ರ ಕಣ್ಣ ಹತ್ತತಾವು. ಅಷ್ಟೂ ಇಲ್ಲಂದ್ರ ನಾ ಹುಚ್ಚೀನಽ ಆಗತೀನಿ.”

ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ನನಗೆ ಅದು ಬರೀ ಮೋಜಿನ ಗುಟ್ಟಾಗಿ ಕಂಡಿತು.

ಆಮೇಲಿನ ತಿಂಗಳು ನಾನು ಮಧ್ಯಾಹ್ನ ಹಿತ್ತಲಲ್ಲಿ ಕೂತು ರೇಡಿಯೋ ಜೋರಾಗಿ ಹಚ್ಚಿಕೊಂಡು ಕಾಲೇಜಿನ ಜರ್ನಲ್ ಬರೆಯುತ್ತಿದ್ದೆ. ಕೋಣೆಯಿಂದ ಕಾಕು ರೇಡಿಯೋ ಸಣ್ಣ ಮಾಡು ಎಂದು ಎರಡು ಸಲ ಕೂಗಿದರು. ನಾನು ಕೇಳಿಸದವಳಂತೆ ಇದ್ದೆ. ಮೂರನೆಯ ಸಲ ಹೊರಗೆ ಬಂದವರೇ ತಂಬಿಗೆಯ ನೀರನ್ನು ಗೋಡೆಯ ಮೇಲಿಂದ ಎರಚಿಬಿಟ್ಟರು. ವಾರವಿಡೀ ಬರೆದ ಚಿತ್ರಗಳೆಲ್ಲ ಶಾಯಿಯ ರಾಡಿ! ನನ್ನ ಪಿತ್ತ ನೆತ್ತಿಗೇರಿತು.

“ನಿಂತು ಆರ ತಿಂಗಳಾದ ಮ್ಯಾಲೂ ಹೊರಗ ಕುಂದರೂ ನಾಟಕ ಯಾಕ ಬೇಕ್ರಿ ಕಾಕು ನಿಮಗ?” ಎಂದು ಓಣಿಗೆಲ್ಲ ಕೇಳುವಂತೆ ಒದರಿದೆ.

ಅವರ ಅತ್ತೆ ಅಲ್ಲೇ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಾರೆಂಬುದು ನನಗೆ ಕಂಡದ್ದು ಆಮೇಲೆ. ಮುದುಕಿಯ ಕೈ ನಿಂತಿತು. ಬೈಯಲಿಲ್ಲ, ಕೂಗಾಡಲಿಲ್ಲ. “ಏಳು. ಜಳಕಾ ಮಾಡಿ ಒಳಗ ಬಾ. ಸಂಜೀ ಅಡಗಿಗಿ ಹೊತ್ತಾತು” ಎಂದರು, ಅಷ್ಟೇ. ಕಾಕು ನನ್ನ ಕಡೆ ನೋಡಲೂ ಇಲ್ಲ. ಕಂಬಳಿ ಸುತ್ತಿಕೊಂಡು ಬಚ್ಚಲಿಗೆ ಹೋದರು.

ಅಂದಿಗೆ ಅವರ ಮೂರು ದಿನ ಮುಗಿದವು. ನಾನು ನಾಲಿಗೆ ಕಚ್ಚಿಕೊಂಡೆ, ಆದರೆ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲ. ಕಣ್ಣ ಕೆಳಗೆ ಕಪ್ಪು ಹತ್ತಿಸಿಕೊಂಡು ಓಡಾಡುವ ಕಾಕುವನ್ನು ಕಂಡರೆ ನಾನೇ ದಾರಿ ತಪ್ಪಿಸಿ ಹೋಗುತ್ತಿದ್ದೆ. ಮುಂದೆ ಎರಡು ವರ್ಷಕ್ಕೆ ಮದುವೆಯಾಗಿ ಖಾನಾಪುರಕ್ಕೆ ಬಂದೆ. ತಪ್ಪಿಸಿಕೊಂಡೆ ಎಂದುಕೊಂಡಿದ್ದೆ...

ಎಂಬತ್ತನೆಯ ಇಸವಿ ದಾಟಿದ ಮೇಲೆ ಒಂದು ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲಲ್ಲಿ ಕಾಕು! ಬಗಲಲ್ಲಿ ಒಂದು ಗಂಟು. ಅವರ ತವರು ಖಾನಾಪುರವೇ. ಹಾಸಿಗೆ ಹಿಡಿದ ತಾಯಿಯನ್ನು ನೋಡಲು ತಿಂಗಳಿಗೊಮ್ಮೆ ಬರುತ್ತಿದ್ದರಂತೆ. “ಬರ್ರಿ ಕಾಕು, ಕುಂದರ್ರಿ” ಎಂದು ಚಹಾಕ್ಕೆ ಇಡಲು ಹೋದರೆ ತಡೆದರು.

“ಚಾ ಒಲ್ಲೆವಾ. ತವರ್ಯಾಗೂ ಕೆಲಸಾನಽ, ಮನ್ಯಾಗೂ ಕೆಲಸಾನಽ. ಬಸ್ಸಿನ್ಯಾಗ ಪೀರನವಾಡಿ ದಾಟೂದ್ರಾಗ ಕಣ್ಣ ಹತ್ತತಾವು, ಅಷ್ಟರಾಗ ಮೈ ಧಗಧಗ ಅಂತೈತಿ. ನನ್ನ ನಿದ್ದಿ ಕಸಗೊಂಡಾಕಿ ನೀನಽ. ನೀನಽ ಕೊಡು.”

ಹೇಳಿದ್ದು ಸಿಟ್ಟಿನಿಂದಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಒಳಕೋಣೆಯಲ್ಲಿ ಗಂಟು ಬಿಚ್ಚಿ ಇದೇ ಕಂಬಳಿ ಹಾಸಿಕೊಂಡರು. “ಬಾಗಲಾ ಮುಂದ ಮಾಡು. ನಾ ಏಳೂತನಕಾ ಕರೀಬ್ಯಾಡ” ಎಂದರು. ನಾನು ಬಾಗಿಲೆಳೆದುಕೊಂಡು ಹೊರಗೆ ಬಂದೆ. ಮೂರು ಗಂಟೆಯವರೆಗೆ ಒಂದೇ ಮಗ್ಗುಲಲ್ಲಿ ಮಲಗಿದ್ದರು. ಎದ್ದಾಗ ಮುಖ ತೊಳೆದಿಟ್ಟ ಹಾಗೆ ಹಗುರಾಗಿತ್ತು. ಕಂಬಳಿಯನ್ನು ಮಡಿಚಿ, ಬಜೆ ಬೇರು ಇಟ್ಟು, ನಮ್ಮ ಗೋಡೆಯ ಮಾಡದಲ್ಲೇ ಇರಿಸಿ ಹೋದರು.

ಹತ್ತು ತಿಂಗಳು ಹೀಗೆ ನಡೆಯಿತು. ಮೊದಮೊದಲು ನನಗೂ ಸಮಾಧಾನವೇ. ಆದರೆ ನನಗಾಗ ಇಬ್ಬರು ಸಣ್ಣ ಮಕ್ಕಳು, ಇದ್ದದ್ದು ಒಂದೇ ಒಳಕೋಣೆ. ಕಾಕು ಬಂದ ದಿನ ಚಿಕ್ಕದು ಅತ್ತರೆ ಬಾಯಿ ಮುಚ್ಚಿಸಬೇಕು, ಕೂಸಿನ ಅರಿವೆ ಒಳಗೇ ಉಳಿದರೆ ಕಳ್ಳಿಯ ಹಾಗೆ ಹೆಜ್ಜೆ ಇಡಬೇಕು. “ಮನೀ ಏನ ಧರ್ಮಶಾಲಿ ಐತೇನು?” ಎಂದು ನಮ್ಮ ಅತ್ತೆಯ ಗೊಣಗಾಟ ಬೇರೆ. ಎಂದೋ ಆಡಿದ ಒಂದು ಮಾತಿಗೆ ಎಷ್ಟು ದಿನ ತಲೆ ಬಾಗಿಸಬೇಕು ಎಂದು ನನಗೂ ರೇಗಿಹೋಯಿತು. ಒಂದು ಸಲ ಅವರು ಎದ್ದು ತುರುಬು ಕಟ್ಟಿಕೊಳ್ಳುತ್ತಿದ್ದಾಗ ಅಂದೇಬಿಟ್ಟೆ.

“ಮುಂದಿನ ತಿಂಗಳ ಪಾವಣ್ಯಾರು ಬರಾವ್ರದಾರ್ರಿ ಕಾಕು. ಕ್ವಾಣಿ ಖಾಲಿ ಇರಂಗಿಲ್ಲ.”

ಯಾವ ನೆಂಟರೂ ಬರುವವರಿರಲಿಲ್ಲ. ಅದು ಕಾಕುವಿಗೂ ತಿಳಿಯಿತು. “ಹೌದವಾ, ಸಂಸಾರಂದ್ರ ಬರಾವ್ರು ಹೋಗಾವ್ರು ಇರಾವ್ರಽ” ಎಂದು ಕಂಬಳಿ ಮಡಿಚಿ ಮಾಡದಲ್ಲಿಟ್ಟರು. ತೆಗೆದುಕೊಂಡು ಹೋಗಿರಿ ಎನ್ನಲು ನನಗೆ ಬಾಯಿ ಬರಲಿಲ್ಲ. ಹಾಗೆ ಅಂದಿದ್ದರೆ ಬಾಗಿಲು ಹಾಕಿದಂತೆ ಆಗುತ್ತಿತ್ತು. ಹಾಕಿಯಾಗಿತ್ತಲ್ಲ...

ಮತ್ತೆ ಅವರು ಬರಲಿಲ್ಲ. ವರ್ಷದೊಳಗೆ ಅವರ ತಾಯಿ ತೀರಿಕೊಂಡರು, ಖಾನಾಪುರದ ದಾರಿಯೂ ನಿಂತಿತು. ಅದಾಗಿ ಕೆಲವು ವರ್ಷಕ್ಕೆ ಕಾಕುವೇ ಹೋದ ಸುದ್ದಿ ಅವ್ವನ ಕಾಗದದಲ್ಲಿ ಬಂತು. ಅವರ ಅತ್ತೆ ಇನ್ನೂ ಗಟ್ಟಿಯಾಗಿದ್ದರಂತೆ. ತಿಂಗಳಿಗೆ ಮೂರು ದಿನದ ಬಿಡುವು, ಕೂತು ಮಾತಾಡಿ ಅತ್ತೆಯನ್ನು ಒಪ್ಪಿಸಬಹುದಾಗಿದ್ದ ಸಣ್ಣ ವಿಷಯವದು. ನಮ್ಮವ್ವ ಆಡಲಿಲ್ಲ, ಕಾಕು ಆಡಲಿಲ್ಲ, ಬಾಯಿ ಬಿಟ್ಟವಳು ನಾನೊಬ್ಬಳೇ, ಅದೂ ಹಾಗೆ. ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮೊನ್ನೆ ಬಿಸಿಲಿಗೆ ಹಾಕಿದ ಕಂಬಳಿಯನ್ನು ಮಧ್ಯಾಹ್ನ ಒಳಕೋಣೆಯಲ್ಲಿ ಹಾಸಿ, ಬಾಗಿಲು ಮುಂದೆ ಮಾಡಿ ಮಲಗಿದೆ. ಈಗ ಮನೆಯಲ್ಲಿ ಎರಡು ಕೋಣೆ ಹೆಚ್ಚಿಗೆ ಕಟ್ಟಿಸಿದ್ದೇವೆ. ಮಕ್ಕಳು ದೊಡ್ಡವರಾಗಿ ಕೆಲಸಕ್ಕೆ ಹೋಗುತ್ತಾರೆ, ನಮ್ಮ ಅತ್ತೆಯೂ ಇಲ್ಲ. ಹತ್ತರಿಂದ ಮೂರರವರೆಗೆ ಗುಬ್ಬಿಯ ಸದ್ದೂ ಇರುವುದಿಲ್ಲ. ಕಂಬಳಿ ಮೈಗೆ ಚುಚ್ಚಿತು, ಎದೆಯ ಬೆಂಕಿ ಎಂದಿನಂತೆ ಎದ್ದಿತು, ನಿದ್ದೆ ಬರಲಿಲ್ಲ. ಎದ್ದು ಮಡಿಚಿ, ಬಜೆ ಇಟ್ಟು, ಟ್ರಂಕಿಗೆ ಹಾಕದೆ ಹಳೆಯ ಮಾಡದಲ್ಲೇ ಇಟ್ಟಿದ್ದೇನೆ. ‘ಕ್ವಾಣಿ ಖಾಲಿ ಐತ್ರಿ ಕಾಕು’ ಎಂದು ಹೇಳೋಣವೆಂದರೆ ಕೇಳಲು ಈಗ ಅವರೇ ಇಲ್ಲ.