ಪೈಲಟ್ ಮನೆಯ ಕಿಟಕಿ

ಆ ಮನೆಯ ಯಜಮಾನ ಸತ್ತು ನೂರು ವರ್ಷದ ಮೇಲಾಗಿದೆ. ಆದರೂ ಕಳೆದ ಬೇಸಿಗೆಯಲ್ಲಿ ನಮ್ಮ ಮಾವ ಅವನ ಕುರ್ಚಿಯಲ್ಲಿ ಕೂತು, ಒಂದು ಲೋಟ ನೀರು ಕುಡಿಯದೆ ಏಳುವುದಿಲ್ಲ ಎಂದುಬಿಟ್ಟರು.

ಮೊದಲಿನಿಂದ ಹೇಳುತ್ತೇನೆ.

ಮಾವ, ಅಂದರೆ ನನ್ನ ಹೆಂಡತಿ ಸುಗುಣಳ ಅಪ್ಪ, ಗಂಗೊಳ್ಳಿಯವರು. ಆರು ತಿಂಗಳ ವೀಸಾದಲ್ಲಿ ಲಂಡನ್ನಿನ ಹೌನ್ಸ್ಲೋದ ನಮ್ಮ ಮನೆಗೆ ಬಂದರು. ಮೂರನೇ ವಾರಕ್ಕೇ ವಾಪಸ್ ಟಿಕೆಟ್ ಮಾಡಿಸಿ ಎಂದರು. ಊಟ ಸೇರಲಿಲ್ಲವಾ? ಸೇರಿತು. ಚಳಿಯಾ? ಜೂನ್ ತಿಂಗಳು. ಮತ್ತೇನು?

"ಎಂತದೂ ಇಲ್ಲೆ. ನಂಗಿಲ್ಲ್ ಎಂತ ಕೆಲ್ಸ ಇತ್ತ್?" ಎಂದರು.

ನ್ಯಾಯವೇ. ಲಂಡನ್ನಿನಲ್ಲಿ ಅವರನ್ನು ಕೈಹಿಡಿದು ನಡೆಸುವವರೇ ಎಲ್ಲ. ಸಿಗ್ನಲ್ಲಿನ ಬಟನ್ ಒತ್ತದೆ ರಸ್ತೆ ದಾಟಬೇಡಿ. ಎಸ್ಕಲೇಟರಿನಲ್ಲಿ ಎಡಗಡೆ ನಿಲ್ಲಬೇಡಿ. (ಏಳು ವರ್ಷದ ನನ್ನ ಮಗಳು ಕೂಡ ರೈಲು ಹತ್ತುವಾಗ "ಅಜ್ಜ, ಮೈಂಡ್ ದ ಗ್ಯಾಪ್" ಎನ್ನುತ್ತಾಳೆ.) ಈ ಮನುಷ್ಯ ಮೂವತ್ತು ವರ್ಷ ಗಂಗೊಳ್ಳಿಯ ಅಳಿವೆಯಲ್ಲಿ, ಹೊಳೆ ಸಮುದ್ರ ಸೇರುವ ಕಡೆ, ಪರವೂರಿನ ಸರಕಿನ ಹಡಗುಗಳಿಗೆ ದಾರಿ ತೋರಿಸಿ ಒಳಗೆ ತಂದವರು. ಅಲ್ಲಿ ಮರಳು ದಿನಕ್ಕೊಂದು ಕಡೆ ಕೂರುತ್ತದೆ. ಲೆಕ್ಕ ತಪ್ಪಿದರೆ ಹಡಗು ಹೋಯಿತು. ಅಂಥವರಿಗೆ ನಾವು ಝೀಬ್ರಾ ಕ್ರಾಸಿಂಗ್ ಕಲಿಸುತ್ತಿದ್ದೆವು.

"ಅಪ್ಪಯ್ಯ ಹೀಗೆ ಬೇಜಾರಲ್ಲೇ ಹೋದ್ರೆ ಇನ್ನು ಬರೂದಿಲ್ಲ ಮಾರಾಯ್ರೆ," ಎಂದಳು ಸುಗುಣ. ಅಳು ತಡೆದುಕೊಂಡಿದ್ದಳು. ನನಗೂ ಹೆದರಿಕೆಯಾಯಿತು.

ಆಗ ಲೈಬ್ರರಿಯಲ್ಲಿ ಒಂದು ಕರಪತ್ರ ಸಿಕ್ಕಿತು. ಗ್ರೀನ್‌ವಿಚ್ ಕಡೆ, ಥೇಮ್ಸ್ ದಂಡೆಯಲ್ಲಿ, ಹತ್ತೊಂಬತ್ತನೇ ಶತಮಾನದ ಪೈಲಟ್ ಒಬ್ಬನ ಮನೆ. ಬೇಸಿಗೆಯ ಶನಿವಾರಗಳಲ್ಲಿ ನೋಡಬರುವವರಿಗೆ ತೆರೆದಿರುತ್ತದೆ. (ವಿಮಾನದ ಪೈಲಟ್ ಅಲ್ಲ. ಆಗ ವಿಮಾನವೇ ಇರಲಿಲ್ಲ.) ಹೊರಗಿನಿಂದ ಬಂದ ಹಡಗನ್ನು ಹತ್ತಿ, ನದಿಯ ತಿರುವುಗಳಲ್ಲಿ ದಾರಿ ತೋರಿಸಿ, ದಡ ಮುಟ್ಟಿಸಿ ಇಳಿದುಹೋಗುವವನು. ಮಾವನದೇ ಕೆಲಸ!

ಹೋದೆವು. ಮಾವ ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಮಾರ್ಗರೆಟ್ ಎಂಬ ಹಿರಿಯ ವಾಲಂಟಿಯರ್ ಮನೆ ತೋರಿಸಿದರು. ಪೈಲಟ್‌ನ ಮಂಚ, ಪೈಲಟ್‌ನ ಬೂಟು, ಪೈಲಟ್‌ನ ಟೀ ಪಾಟು. ಎಲ್ಲದರ ಮುಂದೆಯೂ ಯಾರೂ ಮುಟ್ಟದ ಹಾಗೆ ಹಗ್ಗ. ಮಹಡಿಯಲ್ಲಿ ನದಿಯ ಕಡೆಗೊಂದು ಕಿಟಕಿ, ಪಕ್ಕದಲ್ಲಿ ಕುರ್ಚಿ. "ಪೈಲಟ್ ಇಲ್ಲಿ ನಿಂತು ಹಡಗುಗಳಿಗಾಗಿ ಕಾಯುತ್ತಿದ್ದ" ಎಂದು ಅಲ್ಲಿಟ್ಟ ಕಾರ್ಡು ಹೇಳುತ್ತಿತ್ತು.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಮಾವ ಹಗ್ಗ ಎತ್ತಿ, ಒಳಗೆ ನುಸುಳಿ, ಕುರ್ಚಿಯಲ್ಲಿ ಕೂತರು.

"ಸರ್! ಪ್ಲೀಸ್!" ಎಂದರು ಮಾರ್ಗರೆಟ್.

"ಮಾವ, ಏಳಿ. ಅದು ಕೂರೋ ಕುರ್ಚಿ ಅಲ್ಲ," ಎಂದೆ. (ಇಂಥ ವಾಕ್ಯವನ್ನೂ ಒಂದು ದಿನ ಹೇಳಬೇಕಾಗುತ್ತದೆ ಎಂದುಕೊಂಡಿರಲಿಲ್ಲ.)

"ಕೂರುಕಲ್ದೆ ಮತ್ತೆಂತಕ್ಕೆ ಕುರ್ಚಿ? ಒಬ್ರ್ ಮನಿಗೆ ಬಂದ್, ಒಂದ್ ಲೋಟ ನೀರ್ ಸೈತ ಕುಡೀದೆ ಹೋಪುದಾ? ಅವನೂ ನಮ್ ಕೆಲ್ಸದವನೇ ಅಲ್ದಾ?"

ಕರಾವಳಿಯಲ್ಲಿ ಇದು ಹಠವಲ್ಲ, ಮರ್ಯಾದೆ. ಮನೆಗೆ ಬಂದವರಿಗೆ ಮೊದಲು ನೀರು, ಬೆಲ್ಲ. ಆಮೇಲೆ ಮಾತು. ನೀರು ಮುಟ್ಟದೆ ಎದ್ದುಹೋದರೆ ಮನಸ್ತಾಪವಿದೆ ಎಂದೇ ಅರ್ಥ. ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಹೇಗೋ ಹೇಳಿದೆ. ಮಾರ್ಗರೆಟ್ ಕೆಳಗೆ ಹೋಗಿ, ತಮ್ಮದೇ ಮಗ್ಗಿನಲ್ಲಿ ನೀರು ತಂದರು. ಬೆಲ್ಲದ ಬದಲು ಒಂದು ಬಿಸ್ಕತ್ತು.

ಮಾವ ಕುಡಿದರು. ಕುಡಿದರೂ ಏಳಲಿಲ್ಲ.

"ಈ ಕಾರ್ಡ್ ತಪ್ಪಂತ ಅವ್ರಿಗ್ ಹೇಳಿ. ಹಡ್ಗ್ ಕಾಂಬ್ಕೆ ಅವನಿಗ್ ಕಿಟ್ಕಿ ಎಂತಕ್ಕೆ? ಅವ ಹೊಳಿ ಮೇಲೇ ಇಪ್ಪುದ್. ಮನಿಗ್ ಬಂದ್ರೆ ಮನಿಕಂತ. ಇದ್ ಅವನ್ ಹೆಂಡ್ತಿ ಕಿಟ್ಕಿ."

ಗೊತ್ತಾಗಿದ್ದು ಹೇಗೆ? ಕಿಟಕಿ ಅಷ್ಟು ತಗ್ಗಿನಲ್ಲಿತ್ತು. ನಿಂತವರಿಗೆ ದಂಡೆಯ ಕೆಸರು ಬಿಟ್ಟು ಬೇರೇನೂ ಕಾಣದು. ನಾನು ನಿಂತು ನೋಡಿದೆ. ಕೆಸರು. ಮಾವ ಎದ್ದು ಜಾಗ ಕೊಟ್ಟರು. ಮಾರ್ಗರೆಟ್ ಆಚೀಚೆ ನೋಡಿ, ತಾವೇ ಹಗ್ಗ ದಾಟಿ ಕುರ್ಚಿಯಲ್ಲಿ ಕೂತರು. ನದಿಯ ತಿರುವು ಪೂರ್ತಿ ಕಂಡಿತಂತೆ. ಹನ್ನೊಂದು ವರ್ಷದಿಂದ ಆ ಮನೆ ತೋರಿಸುತ್ತಿದ್ದಾರೆ, ಒಂದು ದಿನವೂ ಅಲ್ಲಿ ಕೂತಿರಲಿಲ್ಲ.

"ಅವ ತಿರ್ಗಿ ಬಂದ್ನಾ ಇಲ್ಯಾ ಕಾಂಬ್ಕೆ ಅವ್ಳ್ ಇಲ್ಲ್ ಕೂಕಂಬುದ್," ಎಂದರು ಮಾವ. "ನಮ್ಮನಿಯಂಗೂ ಹಾಂಗೇ ಇದ್ದಿತ್."

ಅತ್ತೆ ತೀರಿಕೊಂಡು ಆಗ ನಾಲ್ಕು ವರ್ಷ. ಸುಗುಣ ಗೋಡೆಯ ಕಡೆ ತಿರುಗಿ ಅತ್ತಳು.

ಟಿಕೆಟಿನ ಮಾತು ಮತ್ತೆ ಬರಲಿಲ್ಲ. ಬೇಸಿಗೆ ಮುಗಿಯುವವರೆಗೆ ಪ್ರತಿ ಶನಿವಾರ ಮಾವ ಅಲ್ಲಿಗೆ ಹೋದರು. ಪೈಲಟ್ ಕೆಲಸದ ಬಗ್ಗೆ ಅವರು ಹೇಳುವುದು, ಮಾರ್ಗರೆಟ್ ಬರೆದುಕೊಳ್ಳುವುದು, ನಾನು ತರ್ಜುಮೆ. ಆರು ತಿಂಗಳು ಪೂರ್ತಿ ಇದ್ದೇ ಊರಿಗೆ ಹೊರಟರು.

ಈ ವರ್ಷ ಆ ಮನೆ ಮತ್ತೆ ತೆರೆದಿದೆ. ಕಳೆದ ಶನಿವಾರ ಹೋಗಿದ್ದೆ. ಕಿಟಕಿಯ ಬಳಿ ಹೊಸ ಕಾರ್ಡು. "ಪೈಲಟ್‌ನ ಹೆಂಡತಿ ಇಲ್ಲಿ ಕೂತು ಗಂಡನ ದಾರಿ ಕಾಯುತ್ತಿದ್ದಳೆಂದು ಸ್ಥಳೀಯರು ಹೇಳುತ್ತಾರೆ" ಎಂದಿದೆ. ಮಾವನ ಹೆಸರಿಲ್ಲ. ಸಿಟ್ಟು ಬಂತು. ಮನೆಗೆ ಬಂದು ಗಂಗೊಳ್ಳಿಗೆ ಫೋನ್ ಮಾಡಿ ಹೇಳಿದೆ.

"ದಡ ಮುಟ್ಟಿತಲ್ದಾ, ಸಾಕ್," ಎಂದು ಮಾವ ನಕ್ಕರು.

ಅವರಿಗೆ ಸಾಕು. ನನ್ನದೊಂದೇ ಪ್ರಶ್ನೆ: ವಿಸಿಟರ್ ವೀಸಾದ ಮೇಲೆ ಬಂದವರು ಆರೇ ತಿಂಗಳಲ್ಲಿ ಸ್ಥಳೀಯರಾಗಿಬಿಟ್ಟ ಸುದ್ದಿ ವೀಸಾ ಕೊಡುವ ಹೋಂ ಆಫೀಸಿಗೆ ಗೊತ್ತೇ?